ಆಗುಂಬೆಯಲ್ಲಿ ಬಿದ್ದ ಮಳೆ: ಸಿನಾರಿಯೊ ಪ್ಲಾನಿಂಗ್ ಕಲಿಸುವವರಿಗೆ ಒಂದು ಮಾರ್ಗದರ್ಶಿ

ಮಲೆನಾಡಿನ ಯಾವ ಸಭೆಯಲ್ಲೇ ಆಗಲಿ, ಮುಂದಿನ ಹದಿನೈದು ವರ್ಷದ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಒಂದೇ: "ಅದೆಲ್ಲ ಇರ್ಲಿ ಮೇಷ್ಟ್ರೇ, ಅಡಿಕೆ ರೇಟು ಏನಾಗತ್ತೆ ಹೇಳಿ ಸಾಕು."

ಈ ಪ್ರಶ್ನೆಗೆ ಉತ್ತರ ಕೊಡದೆ, ಆದರೆ ಕೇಳಿದವರು ಬರಿಗೈಯಲ್ಲಿ ಹೋಗದಂತೆ ಸಿನಾರಿಯೊ ಪ್ಲಾನಿಂಗ್, ಅಂದರೆ ಮುಂದೆ ಏನೇನಾಗಬಹುದು ಅಂತ ಹಲವು ಕತೆ ಕಟ್ಟಿ ಇವತ್ತಿನ ನಿರ್ಧಾರವನ್ನು ಪರೀಕ್ಷಿಸುವ ಕ್ರಮವನ್ನು, ಎರಡು ದಿನ ಪಾಠ ಮಾಡುವುದು ಹೇಗೆ ಅನ್ನುವುದೇ ಈ ಬರಹ. ಸಹಕಾರ ಸಂಘದ ಕಾರ್ಯದರ್ಶಿಗಳು, ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವವರು, ರೈತ ಉತ್ಪಾದಕರ ಕಂಪನಿಗಳಿಗೆ ತರಬೇತಿ ಕೊಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ನಾನು ಮೊದಲ ಸಲ ಇದನ್ನು ಕಲಿಸಿದ್ದು ತೀರ್ಥಹಳ್ಳಿ ಕಡೆಯ ಒಂದು ಸಂಘದ ನಿರ್ದೇಶಕರಿಗೆ. ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿದ್ದೆ, ನಲವತ್ತು ಸ್ಲೈಡು, ವಿದೇಶಿ ಎಣ್ಣೆ ಕಂಪನಿಯ ಸಾಹಸಗಾಥೆ. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಹನ್ನೆರಡಕ್ಕೆ "ತೋಟಕ್ಕೆ ಔಷಧಿ ಹೊಡಿಯೋರು ಬಂದಿದಾರೆ" ಅಂತ ಅರ್ಧ ಜನ ಎದ್ದರು. ಉಳಿದವರು ಊಟಕ್ಕೆ ಕಾಯುತ್ತಿದ್ದರು. ತಪ್ಪು ಅವರದಲ್ಲ. ಅವರ ಎದುರು ಇರುವ ಯಾವ ನಿರ್ಧಾರಕ್ಕೂ ನನ್ನ ಪಾಠ ಅಂಟಿಕೊಂಡಿರಲಿಲ್ಲ.

ಆ ಎಣ್ಣೆ ಕಂಪನಿಯ ಕತೆಯನ್ನು ಈಗ ಐದು ನಿಮಿಷದಲ್ಲಿ ಮುಗಿಸುತ್ತೇನೆ. 1950ರ ದಶಕದಲ್ಲಿ ಅಮೆರಿಕದ ರ್‍ಯಾಂಡ್ ಸಂಸ್ಥೆಯಲ್ಲಿ ಹರ್ಮನ್ ಕಾನ್ ಎಂಬಾತ ಯುದ್ಧ ಹೇಗೆಲ್ಲ ಶುರುವಾಗಬಹುದು ಅಂತ ಕತೆಗಳನ್ನು ಕಟ್ಟಿ ಯೋಚಿಸುವ ಅಭ್ಯಾಸ ಬೆಳೆಸಿದ. ಅದಕ್ಕೆ ಸಿನಿಮಾದವರ ಪದವನ್ನೇ ಎರವಲು ತಂದು ಸಿನಾರಿಯೊ ಅಂದ. 1970ರ ದಶಕದ ಆರಂಭದಲ್ಲಿ ರಾಯಲ್ ಡಚ್ ಶೆಲ್ ಕಂಪನಿಯಲ್ಲಿ ಪಿಯರ್ ವಾಕ್ ಎಂಬ ಫ್ರೆಂಚ್ ಯೋಜಕ ಇದನ್ನು ವ್ಯಾಪಾರಕ್ಕೆ ತಂದ. ಎಣ್ಣೆ ಯಾವತ್ತೂ ಅಗ್ಗವಾಗಿಯೇ ಸಿಗುತ್ತದೆ ಎಂದು ನಂಬಿದ್ದ ಮ್ಯಾನೇಜರುಗಳ ಎದುರು, ಎಣ್ಣೆ ಉತ್ಪಾದಿಸುವ ದೇಶಗಳು ಕೈ ಬಿಗಿ ಮಾಡಿದರೆ ಏನಾಗುತ್ತದೆ ಎಂಬ ಕತೆಯನ್ನೂ ಇಟ್ಟ. 1973ರ ಅಕ್ಟೋಬರ್‌ನ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಎಣ್ಣೆ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾಯಿತು. ಬೇರೆ ಕಂಪನಿಗಳು ಕಕ್ಕಾಬಿಕ್ಕಿಯಾದಾಗ ಶೆಲ್‌ನವರು ಆ ಸ್ಥಿತಿಯನ್ನು ಮನಸ್ಸಿನಲ್ಲಿ ಒಮ್ಮೆ ಬದುಕಿ ನೋಡಿದ್ದರು. ಇಷ್ಟೇ. ವಾಕ್ ಬೆಲೆಯನ್ನು ಮೊದಲೇ ಹೇಳಿದ್ದ ಅಂತ ಕೆಲವರು ಉಬ್ಬಿಸುತ್ತಾರೆ. ಹಾಗೆ ಹೇಳಿಕೊಟ್ಟರೆ ನಿಮ್ಮ ತರಗತಿ ಜ್ಯೋತಿಷ್ಯದ ಕಡೆಗೆ ಜಾರುತ್ತದೆ.

ಸಿನಾರಿಯೊಗೆ ಪುಸ್ತಕದ ಕನ್ನಡದಲ್ಲಿ ಸನ್ನಿವೇಶ ಅನ್ನುತ್ತಾರೆ. ನಾನು ತರಗತಿಯಲ್ಲಿ "ಪ್ರಸಂಗ" ಅನ್ನುತ್ತೇನೆ. ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದ ಊರು ಇದು. ಪ್ರಸಂಗ ಅಂದರೆ ಪಾತ್ರಗಳಿರುತ್ತವೆ, ವಾದ ಇರುತ್ತದೆ, ಒಂದರಿಂದ ಇನ್ನೊಂದು ಹುಟ್ಟುತ್ತದೆ ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದೇ ವ್ಯತ್ಯಾಸ: ತಾಳಮದ್ದಳೆಯಲ್ಲಿ ಕೊನೆಗೆ ಯಾರು ಗೆಲ್ಲುತ್ತಾರೆಂದು ಭಾಗವತರಿಗೆ ಗೊತ್ತಿರುತ್ತದೆ. ಇಲ್ಲಿ ಭಾಗವತರಿಗೂ ಗೊತ್ತಿಲ್ಲ.

ತರಗತಿಗೆ ಹದಿನೈದು ದಿನ ಮುಂಚೆ: ನಿರ್ಧಾರ ಹುಡುಕಿ

ಅರ್ಧ ಕೆಲಸ ಇಲ್ಲೇ ಇದೆ. "ಅಡಿಕೆಯ ಭವಿಷ್ಯ" ಅಂತ ವಿಷಯ ಇಟ್ಟರೆ ಎರಡು ದಿನ ಭಾಷಣ ಆಗುತ್ತದೆ, ಫೋಟೋ ಬರುತ್ತದೆ, ಬೇರೇನೂ ಆಗುವುದಿಲ್ಲ. ಬರುವವರಲ್ಲಿ ಒಬ್ಬಿಬ್ಬರ ಮನೆಗೆ ಮೊದಲೇ ಹೋಗಿ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತ, ಈ ವರ್ಷ ನೀವು ಮಾಡಲೇಬೇಕಾದ, ಮಾಡಿದ ಮೇಲೆ ಹಿಂದೆ ಬರಲಾಗದ ಕೆಲಸ ಯಾವುದು ಅಂತ ಕೇಳಿ. ಆ ಎರಡನೇ ಭಾಗ ಮುಖ್ಯ. ಹಿಂದೆ ಬರಬಹುದಾದ ಕೆಲಸಕ್ಕೆ ಇಷ್ಟೆಲ್ಲ ಕಸರತ್ತು ಬೇಡ, ಮಾಡಿ ನೋಡಿದರೆ ಆಯಿತು.

ನನಗೆ ಸಿಕ್ಕ, ಇವತ್ತಿಗೂ ಬಳಸುವ ಉದಾಹರಣೆ ಇದು. ಒಬ್ಬರಿಗೆ ಎರಡೂವರೆ ಎಕರೆ ಗದ್ದೆ. ಮೇಲಿನ ಒಂದು ಎಕರೆ ಮಕ್ಕಿ (ನೀರು ನಿಲ್ಲದ ಎತ್ತರದ ಗದ್ದೆ), ಕೆಳಗಿನದು ಬೈಲು (ನೀರು ನಿಲ್ಲುವ ತಗ್ಗಿನ ಗದ್ದೆ). ಭತ್ತ ಬೆಳೆದರೆ ಕೂಲಿಯೂ ಹುಟ್ಟುವುದಿಲ್ಲ. ಅಕ್ಕಪಕ್ಕದವರೆಲ್ಲ ಗದ್ದೆಗೆ ಬಸಿಗಾಲುವೆ ಹೊಡೆದು ಅಡಿಕೆ ಹಾಕಿದ್ದಾರೆ. ಬರುವ ಮಳೆಗಾಲದೊಳಗೆ ಇವರೂ ಹಾಕಬೇಕೋ ಬೇಡವೋ?

ಈ ಪ್ರಶ್ನೆಯ ಬೆಲೆ ಅದರ ಕಾಲದಲ್ಲಿದೆ. ಅಡಿಕೆ ಸಸಿ ಫಸಲು ಕೊಡಲು ಐದರಿಂದ ಏಳು ವರ್ಷ ಬೇಕು. ತೋಟ ಕೈಗೆ ಬಂದು ಸಾಲ ತೀರಿ ಲಾಭ ನೋಡುವಷ್ಟರಲ್ಲಿ ಹತ್ತು ಹನ್ನೆರಡು ವರ್ಷ. ಅಂದರೆ ಇವತ್ತಿನ ರೇಟು ನೋಡಿ ಹಾಕಿದವರು ಅದರ ಅಡಿಕೆ ಮಾರುವುದು ಗೊತ್ತೇ ಇಲ್ಲದ ಒಂದು ಪೇಟೆಯಲ್ಲಿ. ಹಾಗಾಗಿ ನೋಟದ ಅವಧಿ ಹದಿನೈದು ವರ್ಷ ಅಂತ ತಾನಾಗಿಯೇ ತೀರ್ಮಾನವಾಗುತ್ತದೆ. ಅವಧಿಯನ್ನು ನೀವು ಗಾಳಿಯಲ್ಲಿ ಆರಿಸಬೇಡಿ, ನಿರ್ಧಾರವೇ ಅದನ್ನು ಹೇಳುತ್ತದೆ. ಸಂಘದ ಗೋದಾಮಿನ ಸಾಲವಾದರೆ ಸಾಲದ ಅವಧಿ, ಹೋಂಸ್ಟೇ ಆದರೆ ಐದಾರು ವರ್ಷ ಸಾಕು.

ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಎರಡು ದಿನವೂ ಅದು ಅಲ್ಲೇ ಇರಲಿ. ಮಾತು ಎಲ್ಲೆಲ್ಲೋ ಹೋದಾಗ ಕೈ ತೋರಿಸಿದರೆ ಸಾಕು.

ಯಾರನ್ನು ಕರೆಯಬೇಕು? ಹನ್ನೆರಡರಿಂದ ಹದಿನಾರು ಜನ. ಎಲ್ಲರೂ ಅರವತ್ತು ದಾಟಿದ ತೋಟದ ಯಜಮಾನರಾದರೆ ನಾಲ್ಕು ಪ್ರಸಂಗವೂ ಒಂದೇ ಥರ ಇರುತ್ತವೆ. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಒಬ್ಬ ಕೊನೆಗಾರ, ಚೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿಯುವ ಒಬ್ಬರು, ಬೆಂಗಳೂರಿಂದ ವಾಪಸು ಬಂದ ಹುಡುಗ, ಕನಿಷ್ಠ ನಾಲ್ಕು ಜನ ಹೆಂಗಸರು. ಹೆಂಗಸರು ಯಾಕೆ ಅಂತ ಕೇಳಿದ ಅಧ್ಯಕ್ಷರೊಬ್ಬರಿಗೆ ನಾನು ಹೇಳಿದ್ದು, ಅಡಿಕೆ ಸುಲಿಯುವ ಲೆಕ್ಕ ಗಂಡಸರಿಗೆ ಕ್ವಿಂಟಾಲಿನಲ್ಲಿ ಗೊತ್ತು, ರಾತ್ರಿ ಎಷ್ಟು ಗಂಟೆಯ ತನಕ ಅನ್ನುವುದು ಹೆಂಗಸರಿಗೆ ಗೊತ್ತು ಅಂತ.

ಮೊದಲ ದಿನ ಬೆಳಿಗ್ಗೆ: ಹಿಂದಕ್ಕೆ ನೋಡಿಸಿ

ಮುಂದಿನದನ್ನು ಕೇಳುವ ಮೊದಲು ಹಿಂದಿನದನ್ನು ಕೇಳಿ. ಎಲ್ಲರ ಕೈಗೂ ಚೀಟಿ ಕೊಟ್ಟು, ಹದಿನೈದು ವರ್ಷದ ಹಿಂದೆ "ಹೀಗಂತೂ ಆಗೋಲ್ಲ" ಅಂದುಕೊಂಡಿದ್ದು ಏನೇನು ಆಯಿತು ಅಂತ ಬರೆಸಿ. ಗೋಡೆ ತುಂಬುತ್ತದೆ.

ನಮ್ಮ ಗೋಡೆಯ ಮೇಲೆ ಬಂದಿದ್ದು ಹೇಳುತ್ತೇನೆ. ಭದ್ರಾವತಿಯ ಕಾಗದ ಕಾರ್ಖಾನೆ ನಿಂತಿದ್ದು. 1930ರ ದಶಕದಲ್ಲಿ ಶುರುವಾದ ಎಂಪಿಎಂ (ಮೈಸೂರು ಪೇಪರ್ ಮಿಲ್ಸ್) ನಿಲ್ಲುತ್ತದೆ ಅಂತ ಅಲ್ಲಿ ಕೆಲಸ ಸಿಕ್ಕಿ ಸಿಹಿ ಹಂಚಿದವರು ಯಾರಾದರೂ ಅಂದುಕೊಂಡಿದ್ದರೇ? ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ಇಳಿದಿದ್ದು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದು, ಲಾಂಚಿಗೆ ಕಾಯುವ ಕಾಲ ಮುಗಿದಿದ್ದು. ಅಡಿಕೆಯ ಎಲೆಚುಕ್ಕಿ ರೋಗ ಒಂದು ತೋಟದಿಂದ ಮತ್ತೊಂದಕ್ಕೆ ಹಬ್ಬಿದ್ದು. ಕೊರೋನಾ ಅಂತೂ ಹೇಳುವುದೇ ಬೇಡ.

ಇವುಗಳಲ್ಲಿ ಪಾಠಕ್ಕೆ ಚಿನ್ನದಂಥದ್ದು ಗುಟ್ಕಾದ ಕತೆ. 2011ರಲ್ಲಿ ಸುಪ್ರೀಂ ಕೋರ್ಟಿನಿಂದಾಗಿ ಗುಟ್ಕಾದ ಪ್ಲಾಸ್ಟಿಕ್ ಸ್ಯಾಶೆ ನಿಂತಿತು. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾವನ್ನೇ ನಿಷೇಧಿಸಿತು. ಇನ್ನು ಅಡಿಕೆ ಮುಗೀತು ಅಂತ ಊರೂರಲ್ಲೂ ಮಾತು, ಪ್ರತಿಭಟನೆ. ಮರುವರ್ಷ ರಾಶಿ ಅಡಿಕೆ (ಕೆಂಪಡಿಕೆಯ ಒಂದು ಬಗೆ) ದರ ಅಲ್ಲಿಯ ತನಕ ಕಾಣದ ಎತ್ತರಕ್ಕೆ ಹೋಯಿತು. ಅಂದು ಹೆದರಿ ಗಿಡ ಹಾಕದವರೂ ತರಗತಿಯಲ್ಲಿ ಇರುತ್ತಾರೆ, ಏನೂ ಯೋಚಿಸದೆ ಹಾಕಿ ಗೆದ್ದವರೂ ಇರುತ್ತಾರೆ. ಅವರಿಬ್ಬರನ್ನೂ ಮಾತಾಡಿಸಿ. ಗೆದ್ದವರನ್ನು ಜಾಣರೆಂದು ಹೊಗಳಬೇಡಿ, ಹೆದರಿದವರನ್ನು ಪೆದ್ದರೆಂದು ಬಿಡಬೇಡಿ. ಇಬ್ಬರ ತಲೆಯಲ್ಲೂ ಒಂದೊಂದೇ ಪ್ರಸಂಗ ಇತ್ತು ಅನ್ನುವುದು ಅವರ ಬಾಯಿಂದಲೇ ಬರಬೇಕು. ಅದು ಬಂದರೆ ಬೆಳಗಿನ ಕೆಲಸ ಮುಗಿಯಿತು.

ಮಧ್ಯಾಹ್ನ: ಬಿದ್ದ ಮಳೆ ಯಾವುದು, ಮೋಡ ಯಾವುದು

ಇಲ್ಲಿ ನಿಧಾನ ಮಾಡಿ. ಹೆಚ್ಚಿನ ತರಬೇತುದಾರರು ಇದನ್ನು ಅರ್ಧ ಗಂಟೆಯಲ್ಲಿ ಮುಗಿಸಿ ನಾಲ್ಕು ಚೌಕದ ಚಿತ್ರಕ್ಕೆ ಓಡುತ್ತಾರೆ. ನನ್ನ ಅನುಭವದಲ್ಲಿ ಜನರ ಯೋಚನೆ ನಿಜವಾಗಿ ಬದಲಾಗುವುದು ಈ ಮಧ್ಯಾಹ್ನದಲ್ಲೇ.

ಪಿಯರ್ ವಾಕ್ ಒಂದು ಉದಾಹರಣೆ ಕೊಡುತ್ತಿದ್ದ, ಅದೂ ನಮ್ಮ ದೇಶದ್ದೇ. ಗಂಗೆಯ ಮೇಲಿನ ಪಾತ್ರದಲ್ಲಿ ಭಾರೀ ಮಳೆಯಾದರೆ ಎರಡು ದಿನದಲ್ಲಿ ಹೃಷಿಕೇಶದಲ್ಲಿ, ಮತ್ತೆ ಮೂರು ನಾಲ್ಕು ದಿನಕ್ಕೆ ಅಲಹಾಬಾದಿನಲ್ಲಿ, ಆಮೇಲೆ ಕಾಶಿಯಲ್ಲಿ ನೆರೆ ಬರುತ್ತದೆ. ಕಾಶಿಯಲ್ಲಿ ಕೂತವನಿಗೆ ಅದಿನ್ನೂ ಕಾಣುತ್ತಿಲ್ಲ, ಆದರೆ ಅದು ಭವಿಷ್ಯವಾಣಿಯಲ್ಲ. ಮಳೆ ಆಗಲೇ ಬಿದ್ದಾಗಿದೆ.

ಗಂಗೆ ಯಾಕೆ, ನಮಗೆ ತುಂಗೆ ಇದ್ದಾಳೆ. ಶೃಂಗೇರಿ ಕಡೆ, ಆಗುಂಬೆಯ ಈಚೆ ಮಗ್ಗುಲಲ್ಲಿ ಸುರಿದದ್ದು ತೀರ್ಥಹಳ್ಳಿಯ ರಾಮಮಂಟಪ ಮುಳುಗಿಸಿ, ಗಾಜನೂರು ಅಣೆಕಟ್ಟಿನ ಗೇಟು ತೆಗೆಸಿ, ಆಮೇಲೆ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪಕ್ಕೆ ಬರುತ್ತದೆ. ಮಂಟಪ ಮುಳುಗಿತು ಅಂತ ಪೇಟೆಯವರು ಕೊಡೆ ಹಿಡಿದು ಸೇತುವೆ ಮೇಲೆ ಸಾಲು ನಿಲ್ಲುವಾಗ ತೀರ್ಥಹಳ್ಳಿಯವರಿಗೆ ಅದು ಹಳೇ ಸುದ್ದಿ. ಆಗುಂಬೆಯವರಿಗೆ ಇನ್ನೂ ಹಳೇದು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿಲಿಮೀಟರ್ ಮಳೆ ಕಂಡ ಊರು ಅದು. ಈ ಮಾತು ಹೇಳಿದ ಕೂಡಲೇ ತರಗತಿ ಎದ್ದು ಕೂರುತ್ತದೆ.

ಈಗ ಚೀಟಿಗಳ ಆಟ. ಆ ಗದ್ದೆಯ ನಿರ್ಧಾರವನ್ನು ಮುಟ್ಟುವ ಸಂಗತಿಗಳನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆಸಿ. ನೆಲದ ಮೇಲೆ ಎರಡು ಚಾಪೆ ಹಾಸಿ, ಒಂದು "ಬಿದ್ದ ಮಳೆ", ಇನ್ನೊಂದು "ಮೋಡ". ಪ್ರತಿ ಚೀಟಿಯೂ ಒಂದು ಚಾಪೆಗೆ ಹೋಗಬೇಕು. ಎಲ್ಲಿಗೆ ಅನ್ನುವುದಕ್ಕೆ ಕಾರಣ ಹೇಳದೆ ಇಡುವಂತಿಲ್ಲ.

ಬಯಲು ಸೀಮೆಯ ಅಡಿಕೆ ಎಲ್ಲಿಗೆ? ಹೆಚ್ಚಿನವರು ಮೋಡದ ಚಾಪೆಗೆ ಇಡಲು ಹೋಗುತ್ತಾರೆ. ತಡೆಯಿರಿ. ಚನ್ನಗಿರಿ, ಶಿಕಾರಿಪುರ ಕಡೆ ಬೋರ್‌ವೆಲ್ ನೀರಿನಲ್ಲಿ, ಕಾಲುವೆ ನೀರಿನಲ್ಲಿ ಕಳೆದ ಕೆಲ ವರ್ಷ ನೆಟ್ಟ ಸಸಿಗಳು ಈಗ ಎಲ್ಲಿವೆ? ನೆಲದಲ್ಲಿವೆ. ಇನ್ನಾರು ವರ್ಷದಲ್ಲಿ ಅವು ಫಸಲು ಕೊಡುವುದು ಊಹೆಯೋ ಲೆಕ್ಕವೋ? ನೀರು ಬತ್ತಿ ಒಂದಷ್ಟು ಒಣಗಬಹುದು, ಆದರೆ ಉಳಿದದ್ದು ಬಂದೇ ಬರುತ್ತದೆ. ಅದು ಬಿದ್ದ ಮಳೆ. ಒಂದು ಸಲ ಈ ಹಂತದಲ್ಲಿ ಒಬ್ಬ ಹಿರಿಯರು ಬಹಳ ಹೊತ್ತು ಸುಮ್ಮನಿದ್ದು, "ಅಂದ್ರೆ ನಾವು ಈಗ ಹಾಕೋ ಗಿಡದ ಅಡಿಕೆ ಮಂಡಿಗೆ ಹೋಗೋ ಹೊತ್ತಿಗೆ ಅಲ್ಲಿ ಇವ್ರದ್ದು ಆಗ್ಲೇ ರಾಶಿ ಬಿದ್ದಿರತ್ತೆ ಅಲ್ವಾ ಮಾರಾಯ್ರೇ" ಅಂದರು. ನಾನು ನಲವತ್ತು ಸ್ಲೈಡಿನಲ್ಲಿ ಹೇಳಲಾಗದ್ದನ್ನು ಅವರು ಒಂದೇ ಉಸಿರಿಗೆ ಹೇಳಿದ್ದರು.

ಕೊನೆಗಾರರ ವಯಸ್ಸೂ ಬಿದ್ದ ಮಳೆಯೇ. ಊರಿನಲ್ಲಿ ಮರ ಹತ್ತುವವರು ಎಷ್ಟು ಜನ, ಅವರ ವಯಸ್ಸೆಷ್ಟು, ಅವರ ಮಕ್ಕಳಲ್ಲಿ ಎಷ್ಟು ಜನ ಹತ್ತುತ್ತಾರೆ ಅಂತ ಅಲ್ಲೇ ಕೂತು ಹೆಸರು ಹೆಸರಾಗಿ ಎಣಿಸಿಸಿ. ಶಾಲೆಯ ಒಂದನೇ ತರಗತಿಗೆ ಈ ವರ್ಷ ಸೇರಿದ ಮಕ್ಕಳ ಸಂಖ್ಯೆಯೂ ಅಷ್ಟೇ, ಹದಿನೈದು ವರ್ಷದ ಮೇಲೆ ಊರಲ್ಲಿ ಇರಬಹುದಾದ, ಇಪ್ಪತ್ತೊಂದರ ಆಸುಪಾಸಿನ ಯುವಕರ ಹೆಚ್ಚುಕಡಿಮೆ ಗರಿಷ್ಠ ಲೆಕ್ಕ ಅಲ್ಲೇ ಇದೆ. ಇದಕ್ಕೆ ಯಾವ ತಜ್ಞರೂ ಬೇಡ.

ಮೋಡದ ಚಾಪೆಗೆ ಹೋಗುವಂಥವು: ಅಡಿಕೆಯ ಮೇಲಿನ ಕಾನೂನು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಆದರೆ ಅದರಿಂದ ಇಲ್ಲಿ ಯಾವ ಕಾನೂನು ಯಾವಾಗ ಬರುತ್ತದೆ ಅನ್ನುವುದು ಮೋಡ. ಈ ಚೀಟಿ ಬಂದಾಗ ಸಿಟ್ಟು ಏಳುತ್ತದೆ, "ಅದೆಲ್ಲ ಸಿಗರೇಟ್ ಕಂಪನಿಯವರ ಪಿತೂರಿ" ಅನ್ನುತ್ತಾರೆ. ವಾದಕ್ಕೆ ಇಳಿಯಬೇಡಿ. ಸರಿಯೋ ತಪ್ಪೋ ಅನ್ನುವುದು ನಮ್ಮ ಚಾಪೆಯ ಪ್ರಶ್ನೆಯಲ್ಲ, ಕಾನೂನು ಬಂದರೆ ಗದ್ದೆಯ ಗತಿಯೇನು ಅನ್ನುವುದು ಪ್ರಶ್ನೆ. ಆಮದು ನೀತಿಯೂ ಮೋಡ: 2017ರಲ್ಲಿ ಕಿಲೋಗೆ 251 ರೂಪಾಯಿ ಇದ್ದ ಕನಿಷ್ಠ ಆಮದು ಬೆಲೆಯನ್ನು (ಅದಕ್ಕಿಂತ ಅಗ್ಗದ ಅಡಿಕೆಯನ್ನು ಒಳಬಿಡದ ಮಿತಿ) 2023ರಲ್ಲಿ 351ಕ್ಕೆ ಏರಿಸಿದರು. ಅದಕ್ಕೆ ಸ್ವಲ್ಪ ಮುಂಚೆ, 2022ರಲ್ಲಿ, ಭೂತಾನದ 17,000 ಟನ್ ಹಸಿ ಅಡಿಕೆಗೆ ಆ ಬೆಲೆಯ ಕಟ್ಟಿಲ್ಲದೆ ಬಾಗಿಲು ತೆರೆದಿದ್ದರು. ಒಂದು ಕೈಯಲ್ಲಿ ಬೇಲಿ, ಇನ್ನೊಂದು ಕೈಯಲ್ಲಿ ಆ ಬೇಲಿ ದಾಟುವ ತಡಮೆ. ಎಲೆಚುಕ್ಕಿ ಹತೋಟಿಗೆ ಬರುತ್ತದೋ ಇಲ್ಲವೋ, ಅದೂ ಮೋಡ.

ಸಂಜೆ: ಎರಡು ಮೋಡ ಆರಿಸಿ

ಮೋಡದ ಚಾಪೆಯಿಂದ ಎರಡನ್ನು ಆರಿಸಬೇಕು. ಗದ್ದೆಯ ನಿರ್ಧಾರವನ್ನು ಹೆಚ್ಚು ಅಲ್ಲಾಡಿಸುವಂಥದ್ದು, ಮತ್ತು ಯಾವ ಕಡೆ ಹೋಗುತ್ತದೆಂದು ನಿಜಕ್ಕೂ ಹೇಳಲಾಗದ್ದು. ಇಲ್ಲಿ ಎಲ್ಲರೂ ಮಾಡುವ ತಪ್ಪು ರೇಟನ್ನೇ ಆರಿಸುವುದು. ರೇಟು ಹೆಚ್ಚು, ರೇಟು ಕಡಿಮೆ. ರೇಟು ಕಾರಣವಲ್ಲ, ಎಲ್ಲ ಕಾರಣಗಳ ಕೊನೆಯ ಹನಿ. ಅದನ್ನೇ ಆರಿಸಿದರೆ ನಿಮ್ಮ ನಾಲ್ಕು ಪ್ರಸಂಗದಲ್ಲಿ ಎರಡು ಮದುವೆ ಮನೆ, ಎರಡು ಸಾವಿನ ಮನೆ. ಯೋಚಿಸಲು ಏನೂ ಉಳಿಯುವುದಿಲ್ಲ. ಇನ್ನೊಂದು ತಪ್ಪು, ಒಂದರ ಬಾಲ ಹಿಡಿದೇ ಬರುವ ಎರಡನ್ನು ಆರಿಸುವುದು. ಮಳೆ ಜಾಸ್ತಿ ಮತ್ತು ಕೊಳೆರೋಗ ಜಾಸ್ತಿ ಅಂತ ಎರಡು ಗೆರೆ ಎಳೆದರೆ ಅದು ಒಂದೇ ಗೆರೆ.

ನಮ್ಮ ಗುಂಪು ಆರಿಸಿದ್ದು: ಅಡಿಕೆಯ ಮೇಲಿನ ಕಾನೂನು ಬಿಗಿಯಾಗುತ್ತದೋ ಸಡಿಲವಾಗಿಯೇ ಇರುತ್ತದೋ. ಮಲೆನಾಡಿನ ತೋಟಗಳಲ್ಲಿ ರೋಗ ಹತೋಟಿಗೆ ಬರುತ್ತದೋ ಹಬ್ಬುತ್ತದೋ. ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ, ನಾಲ್ಕು ಚೌಕ. ಬಿದ್ದ ಮಳೆಯ ಚೀಟಿಗಳು ನಾಲ್ಕೂ ಚೌಕಕ್ಕೆ ಹೋಗಬೇಕು ಅನ್ನುವುದನ್ನು ಮರೆಯಬೇಡಿ. ಬಯಲಿನ ಅಡಿಕೆ ಎಲ್ಲ ಪ್ರಸಂಗದಲ್ಲೂ ಬರುತ್ತದೆ, ಕೊನೆಗಾರರು ಎಲ್ಲದರಲ್ಲೂ ಕಡಿಮೆಯಾಗುತ್ತಾರೆ.

ಎರಡನೇ ದಿನ: ಪ್ರಸಂಗ ಕಟ್ಟುವುದು

ನಾಲ್ಕು ಗುಂಪು ಮಾಡಿ, ಒಂದೊಂದಕ್ಕೆ ಒಂದು ಚೌಕ. ಮೊದಲು ಹೆಸರು ಇಡಿಸಿ. ಹೆಸರು ಸಣ್ಣ ವಿಷಯವಲ್ಲ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಆಡಳಿತ ಮುಗಿಯುತ್ತಿದ್ದಾಗ, 1991 ಮತ್ತು 92ರಲ್ಲಿ, ಬೇರೆ ಬೇರೆ ಪಕ್ಷ ಪಂಗಡದ ಇಪ್ಪತ್ತೆರಡು ಜನ ಮೋಂಟ್ ಫ್ಲರ್ ಎಂಬಲ್ಲಿ ಕೂತು ದೇಶದ ಮುಂದಿನ ದಾರಿಗೆ ನಾಲ್ಕು ಕತೆ ಕಟ್ಟಿದರು. ಮರಳಲ್ಲಿ ತಲೆ ಹುಗಿಸಿದ ಉಷ್ಟ್ರಪಕ್ಷಿ, ಕುಂಟು ಬಾತು, ಸೂರ್ಯನ ಹತ್ತಿರ ಹಾರಿ ರೆಕ್ಕೆಯ ಮೇಣ ಕರಗಿ ಬಿದ್ದ ಗ್ರೀಕ್ ಪುರಾಣದ ಇಕಾರಸ್, ಒಟ್ಟಿಗೆ ನಿಧಾನ ಮೇಲೇಳುವ ರಾಜಹಂಸಗಳು. ವರದಿ ಓದದವರ ಬಾಯಲ್ಲೂ ಆ ಹೆಸರು ಓಡಾಡಿದವು.

ನಮ್ಮವರು ಇಟ್ಟ ಹೆಸರುಗಳು ಇವು. ಕಾನೂನು ಸಡಿಲ, ರೋಗ ಹತೋಟಿಯಲ್ಲಿ: "ತುಂಬಿದ ಅಟ್ಟ". ಕಾನೂನು ಸಡಿಲ, ರೋಗ ಹಬ್ಬಿದೆ: "ಬಯಲಿನ ಜಾತ್ರೆ", ಅಂದರೆ ಪೇಟೆ ಇದೆ, ಗೆಲುವು ನಮ್ಮದಲ್ಲ. ಕಾನೂನು ಬಿಗಿ, ತೋಟ ಆರೋಗ್ಯ: "ಮಾರದ ಮೂಟೆ". ಎರಡೂ ಕೆಟ್ಟದ್ದು: "ಬ್ಯಾಣ", ತೋಟ ಮತ್ತೆ ಹುಲ್ಲುಗಾವಲಾಗುವುದು. ಕೊನೆಯ ಹೆಸರು ಇಟ್ಟವಳು ಇಪ್ಪತ್ತಮೂರು ವರ್ಷದ ಹುಡುಗಿ. ಆ ಹೆಸರು ಕೇಳಿ ಕೋಣೆಯಲ್ಲಿ ಯಾರೂ ನಗಲಿಲ್ಲ.

ಆಮೇಲೆ ಕತೆ. "2040ರಲ್ಲಿ ಉತ್ಪಾದನೆ ಇಳಿಮುಖವಾಗಿರುತ್ತದೆ" ಅಂತ ಬರೆದರೆ ವಾಪಸು ಕೊಡಿ. ನಾನು ಕೊಡುವ ಸೂಚನೆ ಇದು: 2040ರ ಭೂಮಿ ಹುಣ್ಣಿಮೆಯ, ಅಂದರೆ ಮಲೆನಾಡಿನವರು ಬೆಳೆಗೆ ಪೂಜೆ ಮಾಡುವ ಹಬ್ಬದ, ಬೆಳಿಗ್ಗೆ. ಬುಟ್ಟಿಗೆ ಚಿತ್ತಾರ ಬರೆದವರು ಯಾರು, ಅಥವಾ ಅಂಗಡಿಯಿಂದ ತಂದದ್ದೋ? ಹಚ್ಚಂಬಲಿ (ಸೊಪ್ಪು ಬೇಯಿಸಿದ ಚರಗ) ಬೀರಲು ತೋಟಕ್ಕೆ ಹೋಗುವವರು ಯಾರು? ದಾರಿಯಲ್ಲಿ ಯಾರ ಜಮೀನು ದಾಟುತ್ತಾರೆ, ಅದರಲ್ಲಿ ಏನಿದೆ? ಅಂದು ಸಂಜೆ ಮನೆಗೆ ಬರುವ ಫೋನು ಯಾರದು, ಏನು ಸುದ್ದಿ? ಇವತ್ತಿನಿಂದ ಅಲ್ಲಿಗೆ ಹೇಗೆ ಬಂದೆವು ಅನ್ನುವುದಕ್ಕೆ ಕನಿಷ್ಠ ನಾಲ್ಕು ಮೆಟ್ಟಿಲು, ಒಂದರಿಂದ ಇನ್ನೊಂದು ಹುಟ್ಟುವಂತೆ.

ಓದಿ ಹೇಳುವಾಗ ತಾಳಮದ್ದಳೆಯ ಕ್ರಮ. ಒಂದು ಗುಂಪು ತನ್ನ ಪ್ರಸಂಗವನ್ನು ಮಂಡಿಸುತ್ತದೆ, ಇನ್ನೊಂದು ಗುಂಪು ಎದುರು ಪಾತ್ರದ ಅರ್ಥಧಾರಿಯಾಗಿ ಕೆಣಕುತ್ತದೆ: "ಕಾನೂನು ಬಿಗಿಯಾದರೆ ಕಳ್ಳಸಾಗಣೆ ಹೆಚ್ಚುವುದಿಲ್ಲವೇ? ಹಾಗಾದರೆ ಮೂಟೆ ಮಾರದೆ ಉಳಿಯುವುದು ಹೇಗೆ?" ತಮಗೆ ಇಷ್ಟವಿಲ್ಲದ ಪ್ರಸಂಗವನ್ನು ಸಮರ್ಥಿಸುವ ಪಾಳಿ ಪ್ರತಿಯೊಬ್ಬರಿಗೂ ಬರಬೇಕು. ತೋಟದ ದೊಡ್ಡ ಯಜಮಾನರನ್ನು "ಬ್ಯಾಣ"ದ ಪರ ಮಾತಾಡಿಸಿ ನೋಡಿ, ಅರ್ಧ ಗಂಟೆಯಲ್ಲಿ ಅವರಿಗೇ ಅದು ನಿಜ ಅನ್ನಿಸತೊಡಗುತ್ತದೆ. ವಾದ ಹುಮ್ಮಸ್ಸಿಗೆ ಏರಿದರೆ ಊಟ ತಡವಾಗಲಿ, ಪರವಾಗಿಲ್ಲ.

ನಿರ್ಧಾರವನ್ನು ನಾಲ್ಕೂ ಊರಿಗೆ ಕರೆದುಕೊಂಡು ಹೋಗಿ

ಮಧ್ಯಾಹ್ನ ಗೋಡೆಯ ಮೇಲಿನ ಪ್ರಶ್ನೆಗೆ ವಾಪಸು. ಆಯ್ಕೆಗಳನ್ನು ಬರೆಸಿ: ಪೂರ್ತಿ ಎರಡೂವರೆ ಎಕರೆಗೂ ಅಡಿಕೆ; ಮಕ್ಕಿಗೆ ಮಾತ್ರ ಅಡಿಕೆ, ನಡುವೆ ಬಾಳೆ, ಮುಂದೆ ಕಾಳುಮೆಣಸು, ಬೈಲಿನಲ್ಲಿ ಭತ್ತ; ಏನೂ ಮಾಡದೆ ಇದ್ದಂತೆ ಬಿಡುವುದು. "ಏನೂ ಮಾಡದಿರುವುದು" ಕೂಡ ಆಯ್ಕೆ, ಅದನ್ನೂ ಪಟ್ಟಿಗೆ ಸೇರಿಸಿ.

ಒಂದೊಂದು ಆಯ್ಕೆಯನ್ನೂ ನಾಲ್ಕು ಪ್ರಸಂಗದಲ್ಲಿ ನಡೆಸಿ ನೋಡಿ. ಎಲ್ಲಿ ಎಷ್ಟು ಲಾಭ ಅಂತ ಮೊದಲು ಕೇಳಬೇಡಿ. ಎಲ್ಲಿ ಏಳಲಾಗದಂತೆ ಬೀಳುತ್ತೀರಿ ಅಂತ ಕೇಳಿ. ಸಾಲ ಮಾಡಿ ಪೂರ್ತಿ ಗದ್ದೆಗೆ ಹಾಕಿದವರು "ತುಂಬಿದ ಅಟ್ಟ"ದಲ್ಲಿ ರಾಜರು, ಆದರೆ ಅಲ್ಲೂ ಬಯಲಿನ ಫಸಲಿನ ಜೊತೆ ಪೈಪೋಟಿ. "ಬಯಲಿನ ಜಾತ್ರೆ"ಯಲ್ಲಿ ಔಷಧಿ ಖರ್ಚಿಗೇ ಸಾಲ. "ಬ್ಯಾಣ"ದಲ್ಲಿ ಗದ್ದೆಯೂ ಇಲ್ಲ, ತೋಟವೂ ಇಲ್ಲ, ಬದು ಒಡೆದು ಕಾದಿಗೆ (ತೋಟದ ಆಳದ ಕಾಲುವೆ) ತೋಡಿದ ನೆಲವನ್ನು ಮತ್ತೆ ಗದ್ದೆ ಮಾಡಲು ಮಕ್ಕಳ ಕಾಲಕ್ಕೂ ಆಗುವುದಿಲ್ಲ. ಮಕ್ಕಿಗೆ ಮಾತ್ರ ಹಾಕಿದವರಿಗೆ ಯಾವ ಪ್ರಸಂಗದಲ್ಲೂ ರಾಜಯೋಗವಿಲ್ಲ, ಯಾವುದರಲ್ಲೂ ಊರು ಬಿಡುವ ಗತಿಯೂ ಇಲ್ಲ. ಇದ್ದಂತೆ ಬಿಟ್ಟವರ ಕತೆ ವಿಚಿತ್ರ: ನಾಲ್ಕರಲ್ಲೂ ನಿಧಾನವಾಗಿ ಸೋಲುತ್ತಾರೆ, ಯಾಕೆಂದರೆ ನಾಟಿಗೆ ಆಳು ಸಿಗದಿರುವುದು ಬಿದ್ದ ಮಳೆ.

ಇಲ್ಲಿ ಯಾರಾದರೂ "ಯಾವ್ದು ಆಗೋ ಸಾಧ್ಯತೆ ಜಾಸ್ತಿ, ಶೇಕಡಾ ಎಷ್ಟು" ಅಂತ ಕೇಳುತ್ತಾರೆ. ರೇಟಿನ ಪ್ರಶ್ನೆಯೇ ವೇಷ ಬದಲಿಸಿ ಬಂದಿದೆ. ಶೇಕಡಾ ಕೊಟ್ಟ ಕ್ಷಣ ಉಳಿದ ಮೂರು ಪ್ರಸಂಗ ಕಸದ ಬುಟ್ಟಿಗೆ. ಕೊಡಬೇಡಿ. ಕೈ ಎತ್ತಿಸಿ ಮತ ಹಾಕಿಸಲೂ ಬೇಡಿ. ಗುಂಪಿನ ಕೆಲಸ ಆಯ್ಕೆಯನ್ನು ಪರೀಕ್ಷೆ ಮಾಡುವುದು, ಸಹಿ ಹಾಕುವವರು ಗದ್ದೆಯ ಯಜಮಾನರೇ.

ಒಳ್ಳೆಯ ಗುಂಪಾದರೆ ಈ ಹೊತ್ತಿಗೆ ಪಟ್ಟಿಯಲ್ಲಿಲ್ಲದ ಹೊಸ ಆಯ್ಕೆಯೊಂದು ಹುಟ್ಟುತ್ತದೆ. ನಮ್ಮಲ್ಲಿ ಹುಟ್ಟಿದ್ದು ಹೀಗೆ: ಈ ವರ್ಷ ಬದು ಒಡೆಯದೆ ಇಡೀ ಗದ್ದೆಗೆ ಬಸಿಗಾಲುವೆ ಮಾತ್ರ ಸರಿ ಮಾಡುವುದು, ಮಕ್ಕಿಯ ಅರ್ಧ ಎಕರೆಗೆ ಸಸಿ, ಉಳಿದದ್ದನ್ನು ಮೂರು ವರ್ಷದ ಮೇಲೆ ನೋಡುವುದು. ನೀರು ಬಸಿಯುವ ದಾರಿ ಭತ್ತಕ್ಕೂ ಬೇಕು, ಅಡಿಕೆಗೂ ಬೇಕು, ಯಾವ ಪ್ರಸಂಗದಲ್ಲೂ ದಂಡವಿಲ್ಲ.

ಮಂಟಪ ಕಾಯುವವರು

ಮೂರು ವರ್ಷದ ಮೇಲೆ ನೋಡುವುದು ಅಂದರೆ ಏನನ್ನು ನೋಡುವುದು? ಪ್ರತಿ ಪ್ರಸಂಗಕ್ಕೂ ಒಂದು ರಾಮಮಂಟಪ ಬೇಕು. ಅದು ಮುಳುಗಿದರೆ ಈ ಕತೆ ಶುರುವಾಗಿದೆ ಅಂತ ಅರ್ಥ. ನರ್ಸರಿಗಳಲ್ಲಿ ಅಡಿಕೆ ಸಸಿ ಖರ್ಚಾಗುವುದು ಹೆಚ್ಚಿತೋ ಕಡಿಮೆಯಾಯಿತೋ. ಕೇಂದ್ರದ ಆಮದು ಅಧಿಸೂಚನೆ. ಮಳೆ ಬಿಟ್ಟ ಮೇಲೆ ಎಲೆಚುಕ್ಕಿ ಕೆಳಗಿನ ಸೋಗೆಯಲ್ಲೇ ನಿಂತಿತೋ, ಸುಳಿಯ ಕಡೆ, ಕಾಯಿಯ ಕಡೆ ಹತ್ತಿತೋ. ದೋಟಿಯಲ್ಲಿ ಕೊನೆ ತೆಗೆಯುವವರು ಊರಲ್ಲಿ ಎಷ್ಟಾದರು.

ಪ್ರತಿ ಗುರುತಿಗೂ ಒಬ್ಬರ ಹೆಸರು ಬರೆಯಿರಿ. "ಸಂಘ ಗಮನಿಸುವುದು" ಅಂತ ಬರೆದರೆ ಯಾರೂ ಗಮನಿಸುವುದಿಲ್ಲ. ವರ್ಷಕ್ಕೆ ಎರಡು ಸಲ ಒಂದು ಗಂಟೆ ಸೇರಿದರೆ ಸಾಕು: ಕೊಳೆರೋಗ ತಡೆಯಲು ಹೊಡೆಯುವ ಮೊದಲ ಬೋರ್ಡೋ ದ್ರಾವಣದ ಸಿಂಪರಣೆಗೆ ಮುಂಚೆ, ಕೊಯ್ಲು ಮುಗಿದ ಮೇಲೆ. ಬೇರೆ ತಿಂಗಳಲ್ಲಿ ಕರೆದರೆ ಬರುವುದಿಲ್ಲ, ನಾನು ನೋಡಿದ್ದೇನೆ.

ಕಾಲೇಜಿನವರಿಗೆ ಒಂದು ಮಾತು

ಎರಡು ದಿನ ಸಿಗದ ತರಗತಿಗೆ ಸಿಗಂದೂರಿನ ಪ್ರಶ್ನೆ ಕೊಡಿ, ಒಂದೂವರೆ ಗಂಟೆ ಸಾಕು. 2020ರಲ್ಲಿ ಸಿಗಂದೂರಿಗೆ ಲಾಂಚು ಹೊರಡುವ ಅಂಬಾರಗೋಡ್ಲು ದಡದಲ್ಲಿ ನಿಮಗೊಂದು ಚಹಾ ಅಂಗಡಿ ಇದೆ ಅಂದುಕೊಳ್ಳಿ. ಗಿರಾಕಿಗಳೆಲ್ಲ ಲಾಂಚಿಗೆ ಕಾಯುವವರು. ಆಚೆ ಸೇತುವೆಯ ಕೆಲಸ ನಡೆಯುತ್ತಿದೆ. ಅಂಗಡಿಗೆ ಹೊಸ ಶೆಡ್ಡು ಹಾಕಿಸಬೇಕೇ? ಸೇತುವೆ ಬರುವುದು ಬಿದ್ದ ಮಳೆ, ಯಾವಾಗ ಅನ್ನುವುದು ಮೋಡ, ಕಾರಿನಲ್ಲಿ ದಾಟುವವರು ನಿಲ್ಲುತ್ತಾರೋ ಇಲ್ಲವೋ ಅನ್ನುವುದು ಇನ್ನೊಂದು ಮೋಡ. ವಿದ್ಯಾರ್ಥಿಗಳು ಇದನ್ನು ಬೇಗ ಹಿಡಿಯುತ್ತಾರೆ. ಆದರೆ ಅವರಿಗೆ ಕಳೆದುಕೊಳ್ಳಲು ಏನೂ ಇಲ್ಲದ್ದರಿಂದ ಎಲ್ಲ ಆಯ್ಕೆಯನ್ನೂ ಧೈರ್ಯವಾಗಿ ಮಾಡುತ್ತಾರೆ. ನಡುವೆ ಒಮ್ಮೆ "ಈ ದುಡ್ಡು ನಿಮ್ಮ ಅಪ್ಪನ ಸಾಲದ್ದು" ಅನ್ನಿ.

ಒಂದೆರಡು ಎಚ್ಚರಿಕೆ. ಅಧ್ಯಕ್ಷರು ಮೊದಲು ಮಾತಾಡಿದರೆ ಉಳಿದ ಹದಿನೈದು ಚೀಟಿಯೂ ಅವರ ಅಕ್ಷರದಲ್ಲೇ ಇರುತ್ತವೆ, ಹಾಗಾಗಿ ಮೊದಲು ಬರೆಸಿ, ಆಮೇಲೆ ಮಾತು. ನಾಲ್ಕರ ನಡುವೆ ಒಂದು "ಸಾಧಾರಣ" ಪ್ರಸಂಗ ಮಾಡೋಣ ಅಂತ ಯಾರಾದರೂ ಹೇಳುತ್ತಾರೆ. ಎಲ್ಲರೂ ಹೋಗಿ ಅದರ ನೆರಳಲ್ಲಿ ಕೂರುತ್ತಾರೆ, ಬೇಡ. ಕೆಟ್ಟ ಪ್ರಸಂಗ ಬಂದಾಗ "ದೇವರಿಟ್ಟಂಗಾಗತ್ತೆ ಬಿಡಿ" ಅನ್ನುವ ಮಾತು ಬಂದರೆ ಒಪ್ಪಿಕೊಳ್ಳಿ, ಒಪ್ಪಿಕೊಂಡು ಬಸಿಗಾಲುವೆ ಯಾರು ತೋಡುತ್ತಾರೆ ಅಂತ ಕೇಳಿ.

ಮೊನ್ನೆ ಕೊಯ್ಲು ಮುಗಿದ ಮೇಲೆ ಆ ಗುಂಪು ಮತ್ತೆ ಸೇರಿತ್ತು. ನಾನು ಹೋಗುವಷ್ಟರಲ್ಲಿ ಮಾತು ಶುರುವಾಗಿತ್ತು. ಗುರುತು ಕಾಯುವ ಪಟ್ಟಿಯ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಹೊಸ ಸಾಲೊಂದನ್ನು ಸೇರಿಸಿದ್ದರು: "ನಮ್ಮ ಕೊನೆಗಾರನ ಮಗ ಐಟಿಐ ಸೇರಿದ." ಪಕ್ಕದಲ್ಲಿ ಬೇರೆ ಕೈಬರಹದಲ್ಲಿ: "ಯಾವ ಟ್ರೇಡು? ಡ್ರೋನ್ ಹೊಡಿಯೋದು ಕಲಿಸ್ತಾರಾ ಕೇಳಿ."